ಕೊಕ್ಕರೆ ಗರಿಯಷ್ಟು ತೂಕ

ಆ ಊರಿನಲ್ಲಿ ಮಾತಿಗೆ ತೂಕವಿತ್ತು. ಹಿರಿಯರು ತಲೆದೂಗಿ ಹೇಳುವಂಥ ತೂಕವಲ್ಲ. ತಕ್ಕಡಿಯಲ್ಲಿಟ್ಟು ನೋಡಬಹುದಾದ ತೂಕ. ಹೊಸದಾಗಿ ಹುಟ್ಟಿದ ಮಾತು ಹೊಳೆಯ ಕಲ್ಲಿನಷ್ಟು ಭಾರ. ಅದನ್ನು ಇನ್ನೊಬ್ಬರು ಎತ್ತಿಕೊಂಡರೆ ಒಂದು ಚಿಟಿಕೆ ಹಗುರ. ಮತ್ತೊಬ್ಬರು ಎತ್ತಿಕೊಂಡರೆ ಮತ್ತೊಂದು ಚಿಟಿಕೆ. ಸವೆದು ಸವೆದು ಕೊನೆಗೆ ಮಾತು ಉಳಿಯುತ್ತಿತ್ತು, ತೂಕ ಉಳಿಯುತ್ತಿರಲಿಲ್ಲ. ಇದು ಊರಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಎಲ್ಲರಿಗೂ ಗೊತ್ತಿದ್ದುದರಿಂದ ಯಾರೂ ಅದರ ಗೋಜಿಗೆ ಹೋಗುತ್ತಿರಲಿಲ್ಲ.

ಕೆಲಸ ಬೇಕಾದವರು ಮಾತುಬಟ್ಟೆ ಹೊದೆಯಬೇಕು. ತಾನು ಯಾರು, ತನ್ನಿಂದ ಏನಾಗುತ್ತದೆ ಎಂಬುದು ಆ ಬಟ್ಟೆಯ ಮೇಲೆ ಇರಬೇಕು. ಹುಣ್ಣಿಮೆಯ ಮರುದಿನ ಬೆಳಿಗ್ಗೆ ಹೊಂಡದ ಕಟ್ಟೆಯ ಮೇಲೆ ತಕ್ಕಡಿ ತೂಗುಹಾಕುತ್ತಿದ್ದರು. ಒಂದು ತಟ್ಟೆಯಲ್ಲಿ ಹೊಳೆಯ ಕಲ್ಲು, ಇನ್ನೊಂದರಲ್ಲಿ ಬಟ್ಟೆ. ಕಟ್ಟೆಯ ಕಂಬದ ಮೇಲೆ ಹಿಂದಿನವರು ಕೊರೆದಿಟ್ಟದ್ದು ಮೂರೇ ಪದ: ತಟ್ಟೆ ಇಳಿಸಿದವರಿಗೆ ಕೆಲಸ.

ಒಂದು ಕಾಲದಲ್ಲಿ ಬಟ್ಟೆಗಳು ಕಲ್ಲನ್ನು ಎತ್ತುತ್ತಿದ್ದವಂತೆ. ಆಮೇಲೆ ಎತ್ತಲಾರದೆ ಹೋದವು. ಊರಿನ ಹಿರಿಯರು ಕೂತು ಯೋಚಿಸಿದರು. ಬಟ್ಟೆಯನ್ನು ಬದಲಿಸುವುದಕ್ಕಿಂತ ಕಲ್ಲನ್ನು ಬದಲಿಸುವುದು ಸುಲಭ. ಕಲ್ಲಿನ ಜಾಗಕ್ಕೆ ತೆಂಗಿನ ಚಿಪ್ಪು ಬಂತು. ಚಿಪ್ಪಿನ ಜಾಗಕ್ಕೆ ಅಡಿಕೆ, ಅಡಿಕೆಯ ಜಾಗಕ್ಕೆ ಹುಣಸೆಬೀಜ, ಹುಣಸೆಬೀಜದ ಜಾಗಕ್ಕೆ ಸಾಸಿವೆ ಕಾಳು. ಈಗ ಕೊಕ್ಕರೆಯ ಗರಿ. ಅದನ್ನೂ ಎತ್ತುವ ಬಟ್ಟೆ ಸಿಗದ ದಿನ, ಅಂದರೆ ಎಲ್ಲ ದಿನವೂ, ಯಾರ ಬಟ್ಟೆ ಉದ್ದವೋ ಅವರಿಗೆ ಕೆಲಸ. ಇದು ಇಳಿಕೆಯಲ್ಲ, ಕಾಲಕ್ಕೆ ತಕ್ಕ ಹೊಂದಾಣಿಕೆ ಎಂದು ಹಿರಿಯರು ಹೇಳಿದರು. ಆ ಮಾತನ್ನು ಯಾರೂ ತೂಗಿ ನೋಡಲಿಲ್ಲ.

ಅಂಗಡಿಗಳಿಗೂ ಇದೇ ಪದ್ಧತಿ. ಒಳಗೇನಿದೆ ಎಂದು ಹೇಳುವ ಪರದೆ ಬಾಗಿಲಿಗಿರಬೇಕು. ಗಾಣದವನ ಪರದೆ ಹೇಳುತ್ತಿತ್ತು: ಗ್ರಾಹಕರ ತೃಪ್ತಿಯೇ ನಮ್ಮ ಗುರಿ, ವಿಶ್ವದರ್ಜೆಯ ಸಮಗ್ರ ಪರಿಹಾರಗಳು. ಕ್ಷೌರದವನ ಪರದೆಯೂ ಅದನ್ನೇ ಹೇಳುತ್ತಿತ್ತು. ಚಟ್ಟ ಕಟ್ಟುವವನ ಪರದೆಯೂ ಅದನ್ನೇ ಹೇಳುತ್ತಿತ್ತು. ಅವನ ಗ್ರಾಹಕರು ಮಾತ್ರ ಇಂದಿನವರೆಗೆ ದೂರು ತಂದಿರಲಿಲ್ಲ. ಎಣ್ಣೆಗೆಂದು ಹೋದವರು ತಲೆ ಬೋಳಿಸಿಕೊಂಡು ಬರುತ್ತಿದ್ದರು. ತಲೆ ಬೋಳಿಸಿಕೊಳ್ಳಲು ಹೋದವರು ಎಣ್ಣೆ ಹಿಡಿದುಕೊಂಡು ಬರುತ್ತಿದ್ದರು. ಸಂಜೆ ಹೊಂಡದ ಕಟ್ಟೆಯಲ್ಲಿ ಇಬ್ಬರೂ ಸೇರಿ, ಒಬ್ಬ ತಲೆಯನ್ನೂ ಇನ್ನೊಬ್ಬ ಎಣ್ಣೆಯನ್ನೂ ಕೊಟ್ಟು, ಹೇಗೋ ಸರಿಮಾಡಿಕೊಳ್ಳುತ್ತಿದ್ದರು.

ಈ ಎಲ್ಲ ಮಾತುಗಳೂ ಬರುತ್ತಿದ್ದುದು ಅಚ್ಚಿನ ಮನೆಯಿಂದ. ಅಲ್ಲಿ ನಲವತ್ತು ಮರದ ಅಚ್ಚುಗಳಿದ್ದವು. ಅಚ್ಚನ್ನು ಮಸಿಯಲ್ಲಿ ಅದ್ದಿ ಬಟ್ಟೆಗೆ ಒತ್ತಿದರೆ ಆಯಿತು. ಸ್ವಂತ ಕೈಯಿಂದ ಬರೆಯಬಾರದೆಂದು ಯಾರೂ ಹೇಳಿರಲಿಲ್ಲ. ಯಾರೂ ಬರೆದಿರಲಿಲ್ಲ, ಅಷ್ಟೆ.

ಆ ಊರಿನಲ್ಲಿ ಒಬ್ಬಳು ಸೋರಿಕೆ ಹುಡುಕುವವಳಿದ್ದಳು. ನೀರಿಗೆ ಬಿದಿರುಕೋಲು ಇಳಿಬಿಟ್ಟು, ಅದರ ತುದಿಗೆ ಕಿವಿಯಿಟ್ಟು ಕೂತರೆ, ನೀರು ಎಲ್ಲಿಂದ ತಪ್ಪಿಸಿಕೊಳ್ಳುತ್ತಿದೆ ಎಂಬುದು ಅವಳಿಗೆ ಕೇಳಿಸುತ್ತಿತ್ತು. ಒಳ್ಳೆಯ ವಿದ್ಯೆ. ಅದರಿಂದ ಅವಳಿಗೆ ಈವರೆಗೆ ಕೆಲಸ ಸಿಕ್ಕಿರಲಿಲ್ಲ. ಎರಡು ಸಲ ತಟ್ಟೆಯ ಮುಂದೆ ನಿಂತಿದ್ದಳು. ಎರಡು ಸಲವೂ ಬಟ್ಟೆ ಬಿತ್ತು, ತಟ್ಟೆ ಮಿಸುಕಲಿಲ್ಲ. ಎರಡು ಸಲವೂ ಅವಳಿಗಿಂತ ಉದ್ದದ ಬಟ್ಟೆಯವರು ಕೆಲಸ ತೆಗೆದುಕೊಂಡು ಹೋಗಿ, ಕೆಲಸ ಕೆಡಿಸಿ ಬಂದರು. ಮೂರನೆಯ ಸಲವೂ ಸೋತವರು ಮಸಿಮನೆಗೆ ಹೋಗಬೇಕೆಂಬುದು ವಾಡಿಕೆ. ಅಚ್ಚಿನ ಮನೆಯ ಹಿಂಭಾಗದ ಕತ್ತಲೆ ಕೋಣೆ ಅದು. ಅಲ್ಲಿ ಕೂತು, ಗೆಲ್ಲುವವರ ಬಟ್ಟೆಗೆ ಬೇಕಾದ ಮಸಿಯನ್ನು ಬದುಕಿಡೀ ಅರೆಯಬೇಕು.

ಆ ತಿಂಗಳು ಹೊಂಡ ಇಳಿಯತೊಡಗಿತು. ಮೂವತ್ತೆರಡು ಮೆಟ್ಟಿಲಿನ ಹೊಂಡ. ಊರಿಗೆ ಇರುವುದು ಅದೊಂದೇ. ದಿನಕ್ಕೆ ಎರಡು ಮೆಟ್ಟಿಲು ನೀರು ಇಳಿಯುತ್ತಿತ್ತು. ಸೋರಿಕೆಯವಳು ಬಿದಿರುಕೋಲಿಗೆ ಕಿವಿಯಿಟ್ಟಳು. ಮೂವತ್ತೊಂದನೆಯ ಮೆಟ್ಟಿಲಿನ ಕೆಳಗೆ, ಬಲಗಡೆ, ಹಲ್ಲಿಲ್ಲದ ಮುದುಕಿ ಗಂಜಿ ಹೀರುವಂಥ ಸದ್ದು. ಓಡಿಹೋಗಿ ಹಿರಿಯರಿಗೆ ಹೇಳಿದಳು.

"ಬಟ್ಟೆ ಮೇಲೆ ಬರಲಿ, ನೋಡೋಣ," ಅಂದರು ಹಿರಿಯರು.

"ಬಿರುಕು ನಿಮ್ಮ ಕಣ್ಣಿಗೆ ಬೀಳೋ ಹೊತ್ತಿಗೆ ಕುಡಿಯೋಕೆ ನೀರಿರಲ್ಲ."

"ಅದನ್ನೂ ಬಟ್ಟೆ ಮೇಲೇ ಹೇಳು ತಾಯಿ. ಪದ್ಧತಿ ಅಂತ ಒಂದಿದೆ."

ತಕ್ಕಡಿಯ ಮುಂದೆ ನಿಲ್ಲದೆ ಯಾರೂ ಯಾವ ಕೆಲಸವನ್ನೂ ಮುಟ್ಟುವಂತಿರಲಿಲ್ಲ. ತಕ್ಕಡಿ ಏರಲು ಮೂರು ದಿನವಿತ್ತು. ಆ ಹೊತ್ತಿಗೆ ಹತ್ತು ಮೆಟ್ಟಿಲು ನೀರು ಉಳಿದಿರುತ್ತದೆ. ಅವಳು ಲೆಕ್ಕಹಾಕಿ ಅಚ್ಚಿನ ಮನೆಗೆ ಹೋದಳು.

ಅಚ್ಚಿನಯ್ಯನಿಗೆ ಎಪ್ಪತ್ತು ದಾಟಿತ್ತು. ಹೆಬ್ಬೆರಳು ಕಪ್ಪು, ಉಳಿದದ್ದೆಲ್ಲ ಬೆಳ್ಳಗೆ. ಕೆಲಸದಲ್ಲಿ ಮೋಸವಿಲ್ಲದ ಮನುಷ್ಯ; ನಲವತ್ತು ವರ್ಷದಿಂದ ಅದೇ ನಲವತ್ತು ಅಚ್ಚನ್ನು ಅದೇ ಶ್ರದ್ಧೆಯಿಂದ ಒತ್ತಿದ್ದ.

"ಯಾವ್ಯಾವುದು ಹಾಕ್ಲಿ? ಫಲಿತಾಂಶಮುಖಿ ಹಾಕ್ಲಾ?"

"ಹೋದ ಸಲ ಹಾಕಿದ್ರಿ."

"ಎಲ್ಲರಿಗೂ ಹಾಕ್ತೀನಿ. ಬಹುಮುಖ ಪ್ರತಿಭೆ?"

"ನಂಗಿರೋದು ಒಂದೇ ಮುಖ ಅಯ್ಯ. ಸೋರೋದು ಹುಡುಕ್ತೀನಿ."

"ಸೋರೋದು ಅನ್ನೋ ಅಚ್ಚಿಲ್ಲ ನನ್ನ ಹತ್ರ," ಅಂದ ಅಚ್ಚಿನಯ್ಯ, ಮಗುವಿಗೆ ಹೇಳುವಂತೆ. "ಅದು ಒಳ್ಳೆ ಮಾತೂ ಅಲ್ಲ. ಕೇಳಿದವರು ಏನಂದ್ಕೋತಾರೆ? ಜಲಕ್ಷೇತ್ರದಲ್ಲಿ ನವೋನ್ವೇಷಣೆ ಅಂತ ಹಾಕೋಣ. ಪಕ್ಕದಲ್ಲಿ ಮೌಲ್ಯವರ್ಧನೆ."

ಒತ್ತಿದ. ಅಚ್ಚು ಎಷ್ಟು ಸವೆದಿತ್ತೆಂದರೆ ಬಟ್ಟೆಯ ಮೇಲೆ ಮೂಡಿದ್ದು ಒಂದು ಕಪ್ಪು ಮಚ್ಚೆ. ಮೌಲ್ಯವರ್ಧನೆಯೂ ಒಂದು ಕಪ್ಪು ಮಚ್ಚೆ. ಎರಡು ಮಚ್ಚೆಗಳನ್ನೂ ಅಚ್ಚಿನಯ್ಯ ಬೆರಳಿಟ್ಟು ಗಟ್ಟಿಯಾಗಿ ಓದಿದ. ಊರಿನವರೆಲ್ಲ ಹಾಗೆಯೇ ಓದುತ್ತಿದ್ದರು. ಮಚ್ಚೆ ನೋಡಿದ ಕೂಡಲೇ ಇಲ್ಲೇನಿರಬೇಕು ಎಂಬುದು ಎಲ್ಲರಿಗೂ ಬಾಯಿಪಾಠ.

ಹಿಂದಿನ ಕೋಣೆಯಿಂದ ಅರೆಯುವ ಸದ್ದು ನಿಂತಿತು. ಬಾಗಿಲಲ್ಲಿ ಮಸಿಯಕ್ಕ ಕಾಣಿಸಿಕೊಂಡಳು. ಹನ್ನೊಂದು ವರ್ಷದ ಹಿಂದೆ ಮೂರನೆಯ ಸಲ ಸೋತು ಒಳಗೆ ಹೋದವಳು. ಅದಕ್ಕೆ ಮೊದಲು ಅಡುಗೆಯವಳಾಗಿದ್ದಳು. ಈಗ ಮೊಣಕೈವರೆಗೂ ಕಪ್ಪು. ಹಲ್ಲು ಮಾತ್ರ ಹೊಳೆಯುತ್ತಿದ್ದವು, ಏಕೆಂದರೆ ಅವಳು ಸದಾ ನಗುತ್ತಿದ್ದಳು.

"ಮೂರನೇದಾ?" ಅಂದಳು.

"ಮೂರನೇದು."

"ನನ್ನ ಪಕ್ಕದ ಕಲ್ಲು ತೊಳೆದಿಟ್ಟಿದೀನಿ. ಗಾಳಿ ಬರುತ್ತೆ ಅಲ್ಲಿ, ಮಧ್ಯಾಹ್ನ ಒಂದಿಷ್ಟು."

"ಜಾಗ ಹಿಡಿಬೇಡಕ್ಕ. ನಾ ಬರಲ್ಲ."

"ನಾನೂ ಹಂಗೇ ಅಂದಿದ್ದೆ," ಅಂದು ಮಸಿಯಕ್ಕ ಒಳಗೆ ಹೋದಳು. ಅರೆಯುವ ಸದ್ದು ಮತ್ತೆ ಶುರುವಾಯಿತು.

ಹುಣ್ಣಿಮೆಯ ಮರುದಿನ ಬೆಳಿಗ್ಗೆ ಸೋರಿಕೆಯವಳು ಬಟ್ಟೆ ಹೊದ್ದು ಹೊರಟಳು. ಹದಿನೆಂಟು ಮಚ್ಚೆಗಳ ಬಟ್ಟೆ. ಬೀದಿಯ ತಿರುವಿನಲ್ಲಿ ಒಂದು ಗಾಳಿ ಬಂತು. ಅಂಥ ದೊಡ್ಡ ಗಾಳಿಯೇನಲ್ಲ. ಹಿಟ್ಟು ಜರಡಿ ಹಿಡಿಯುತ್ತಿದ್ದವರು ಸೆರಗು ಅಡ್ಡ ಹಿಡಿಯುವಷ್ಟು ಗಾಳಿ. ಬಟ್ಟೆ ಅವಳ ಹೆಗಲಿನಿಂದ ಎದ್ದಿತು. ಕೈಚಾಚಿದಳು, ಸಿಗಲಿಲ್ಲ. ಮಾಡಿನ ಮೇಲೆ ಹೋಯಿತು, ಅಲ್ಲಿಂದ ತೆಂಗಿನ ಮರದ ಮೇಲೆ, ಅಲ್ಲಿಂದ ಆಚೆಗೆ. ಫಲಿತಾಂಶಮುಖಿಯಾಗಿ, ಬಹುಮುಖವಾಗಿ, ಮೌಲ್ಯವರ್ಧನೆ ಮಾಡುತ್ತ, ಅದು ಮೋಡದ ಕಡೆ ಹೊರಟುಹೋಯಿತು. ಅವಳು ತಲೆ ಎತ್ತಿ ನೋಡುತ್ತ ನಿಂತಳು. ಅಳು ಬರಬೇಕಿತ್ತು. ನಗು ಬಂತು.

ಅವಳು ನಿಂತಿದ್ದದ್ದು ಚಪ್ಪಲಿ ಹೊಲಿಯುವವನ ಬಾಗಿಲಲ್ಲಿ. ಚಪ್ಪಲಿಯಣ್ಣನ ಪರದೆಯೂ ಎಲ್ಲರದರಂತೆಯೇ ಇತ್ತು. ಅವನ ಕಷ್ಟವೆಂದರೆ, ಯಾಕೋ ಏನೋ, ಊರಿನ ಹಲ್ಲುನೋವಿನವರೆಲ್ಲ ಅವನ ಬಾಗಿಲಿಗೇ ಬರುತ್ತಿದ್ದರು. ಮೊದಮೊದಲು ಅಲ್ಲ ಅಲ್ಲ ಎಂದು ವಿವರಿಸಿದ್ದ. ಆಮೇಲೆ ವಿವರಿಸುವುದಕ್ಕಿಂತ ಕೀಳುವುದೇ ಬೇಗ ಮುಗಿಯುತ್ತದೆ ಎಂದು ತಿಳಿಯಿತು. ಚಪ್ಪಲಿ ಹೊಲಿದು ನಾಲ್ಕು ವರ್ಷವಾಗಿತ್ತು.

"ಏನು, ಹಲ್ಲಾ?" ಅಂದ, ಇಕ್ಕಳಕ್ಕೆ ಕೈಹಾಕುತ್ತ.

"ಅಲ್ಲಣ್ಣ. ಬಟ್ಟೆ ಹಾರ್ಹೋಯ್ತು."

"ಒಳ್ಳೇದಾಯ್ತು, ಕೂತ್ಕೊ. ಹಲ್ಲು ನೋಯದಿರೋರು ಬಂದು ಎಷ್ಟು ದಿನ ಆಯ್ತು." ಅವನು ಇಕ್ಕಳ ಕೆಳಗಿಟ್ಟ. "ನೀನು ಏನು ಮಾಡ್ತೀಯ ಅಂತ ನಂಗೆ ಇವತ್ತಿಗೂ ಗೊತ್ತಿಲ್ಲ ನೋಡು. ಎರಡು ಸಲ ನಿನ್ನ ಬಟ್ಟೆ ಓದಿದೀನಿ."

"ಹೊಂಡದಲ್ಲಿ ಮೂವತ್ತೊಂದನೇ ಮೆಟ್ಟಿಲ ಕೆಳಗೆ ಬಲಗಡೆ ಅಂಗೈಯಷ್ಟು ಬಿರುಕಿದೆ. ಅದನ್ನ ಮುಚ್ತೀನಿ."

ಅವಳು ಸುಮ್ಮನೆ ಹೇಳಿದ್ದು. ಆದರೆ ಮಾತು ಮುಗಿದದ್ದೇ ತಡ, ಕೂತಿದ್ದ ಹಲಗೆ ಕಿರ್ರೆಂದಿತು. ಚಪ್ಪಲಿಯಣ್ಣನ ಮುಂದಿದ್ದ ಸೂಜಿ, ದಾರದ ಉಂಡೆ, ಮೇಣದ ತುಂಡು ಎಲ್ಲವೂ ಮೆಲ್ಲಗೆ ಅವಳ ಕಡೆ ಉರುಳಿ ಬಂದವು, ಹಾಸಿಗೆಯ ನಡುವೆ ದಪ್ಪದವರು ಕೂತಾಗ ಎಲ್ಲವೂ ಅತ್ತ ಜಾರುವ ಹಾಗೆ. ಇಬ್ಬರೂ ಅದನ್ನು ನೋಡಿದರು.

"ಇನ್ನೊಂದ್ಸಲ ಹೇಳು," ಅಂದ ಅವನು, ಸಣ್ಣ ದನಿಯಲ್ಲಿ.

"ಹೇಳ್ತೀನಿ. ನೀನು ಮಾತ್ರ ಹೇಳ್ಬೇಡ."

"ನಾ ಯಾಕೆ ಹೇಳ್ಲಿ? ನಂಗೆ ಈಜು ಬರಲ್ಲ." ಅವನು ಎದ್ದು ಒಂದು ಹಳೆಯ ಗೋಣಿಚೀಲವನ್ನು ಹರಿದು ನೆಲಕ್ಕೆ ಹಾಸಿದ. ಚಪ್ಪಲಿಗೆ ಹಚ್ಚುವ ಕರಿಬಣ್ಣದ ಕುಡಿಕೆಯನ್ನು ಅವಳ ಮುಂದಿಟ್ಟ. ನಾಲ್ಕು ವರ್ಷದಿಂದ ಮುಚ್ಚಳ ತೆಗೆಯದ ಕುಡಿಕೆ. ಉಗುರಿನಿಂದ ಕೆರೆದು ನೀರು ಬೆರೆಸಬೇಕಾಯಿತು. "ಬರಿ. ನೀನು ಗೆದ್ರೆ ನಿಂಗೊಂದು ಜೊತೆ ಚಪ್ಪಲಿ. ಕೈ ಮರೆತಿಲ್ಲ ಅಂದ್ಕೊಂಡಿದೀನಿ."

ಅವಳು ಬೆರಳಿನಿಂದ ಬರೆದಳು. ಅಕ್ಷರ ಸೊಟ್ಟಗಿದ್ದವು. ಪ್ರತಿ ಸಾಲಿಗೂ ಗೋಣಿ ನೆಲಕ್ಕೆ ಇನ್ನಷ್ಟು ಅಂಟಿಕೊಳ್ಳುತ್ತಿತ್ತು. ಮುಗಿದಾಗ ಒಬ್ಬಳಿಂದ ಎತ್ತಲು ಆಗಲಿಲ್ಲ. ಇಬ್ಬರೂ ಸೇರಿ ಮಡಚಿ, ಒಬ್ಬೊಬ್ಬರು ಒಂದೊಂದು ತುದಿ ಹಿಡಿದು, ಬೀದಿಯಲ್ಲಿ ಏದುಸಿರು ಬಿಡುತ್ತ ಹೊರಟರು. ನೋಡಿದವರು, ಹಂದಿ ಸತ್ತಿದೆಯೇನೋ ಅಂದುಕೊಂಡು ದಾರಿ ಬಿಟ್ಟರು.

ಕಟ್ಟೆಯ ಮೇಲೆ ಊರು ಸೇರಿತ್ತು. ಹೊಂಡದಲ್ಲಿ ಹತ್ತು ಮೆಟ್ಟಿಲು ನೀರು. ತಕ್ಕಡಿ ತೂಗುತ್ತಿತ್ತು, ಒಂದು ತಟ್ಟೆಯಲ್ಲಿ ಕೊಕ್ಕರೆಯ ಗರಿ. ತಕ್ಕಡಿಯವನು ಬಡಕಲು ಮನುಷ್ಯ, ಕಿವಿಯ ಮೇಲೆ ಯಾವಾಗಲೂ ಒಂದು ಹೂವು ಸಿಕ್ಕಿಸಿಕೊಂಡಿರುವವನು. ಇಪ್ಪತ್ತು ವರ್ಷದಲ್ಲಿ ಅವನು ತಟ್ಟೆ ಇಳಿದದ್ದನ್ನು ಕಂಡಿರಲಿಲ್ಲ. ಅವನಿಗೆ ಅದು ಬೇಸರವಾಗಿತ್ತೋ ಇಲ್ಲವೋ, ಅದನ್ನೂ ಯಾರೂ ಕೇಳಿರಲಿಲ್ಲ.

ಏಳು ಜನ ಒಬ್ಬೊಬ್ಬರಾಗಿ ಬಂದರು. ತಕ್ಕಡಿಯವನು ಬಟ್ಟೆ ಓದಿದ, ತಟ್ಟೆಗೆ ಹಾಕಿದ. ಉತ್ಸಾಹಿ, ಕಾರ್ಯತತ್ಪರ, ಫಲಿತಾಂಶಮುಖಿ. ಬಟ್ಟೆ ಬಿತ್ತು, ತಟ್ಟೆ ಮಿಸುಕಲಿಲ್ಲ. ಕ್ರಿಯಾಶೀಲ, ಫಲಿತಾಂಶಮುಖಿ, ಉತ್ಸಾಹಿ. ಬಟ್ಟೆ ಬಿತ್ತು, ತಟ್ಟೆ ಮಿಸುಕಲಿಲ್ಲ. ಏಳು ಸಲ ಬಟ್ಟೆ ಬಿತ್ತು, ಏಳು ಸಲ ತಟ್ಟೆ ಮಿಸುಕಲಿಲ್ಲ.

ಆಮೇಲೆ ಮಂಡಳಿ ಬಂತು. ಮಂಡಳಿಯೆಂದರೆ ಹನ್ನೊಂದು ಜನ ಮತ್ತು ಒಬ್ಬ ಯಜಮಾನ. ಅವರ ಬಟ್ಟೆ ಅರವತ್ತು ಮೊಳ. ಓದಿ ಮುಗಿಯುವ ಹೊತ್ತಿಗೆ ಬಿಸಿಲು ಕಟ್ಟೆಯ ಈ ಕಡೆಯಿಂದ ಆ ಕಡೆಗೆ ಬಂದಿತ್ತು. ನೀರಿನೊಂದಿಗೆ ಅರ್ಥಪೂರ್ಣ ಸಹಯಾನ, ಎಂದಿತ್ತು ಅದರಲ್ಲಿ. ತೇವಾಂಶದ ಸಮಗ್ರ ನಿರ್ವಹಣೆ. ಆಳಕ್ಕೂ ಎತ್ತರಕ್ಕೂ ಸೇತುವೆಯಾಗುವ ದೂರದೃಷ್ಟಿ. ಒಬ್ಬ ಮುದುಕಿ ಪಕ್ಕದವಳನ್ನು ಕೇಳಿದಳು, "ಇವರು ಬಟ್ಟೆ ವ್ಯಾಪಾರದವರಾ?"

ಅರವತ್ತು ಮೊಳವನ್ನೂ ಮಡಚಿ ತಟ್ಟೆಗಿಟ್ಟರು. ತಟ್ಟೆ ಮೇಲಕ್ಕೆ ಎದ್ದಿತು. ಹಾರಿಹೋಗದಂತೆ ಇಬ್ಬರು ಅದನ್ನು ಕೈಯಲ್ಲಿ ಒತ್ತಿ ಹಿಡಿಯಬೇಕಾಯಿತು.

"ಉದ್ದದ ಪ್ರಕಾರ ನಮ್ಮದೇ," ಅಂದ ಯಜಮಾನ.

"ಇನ್ನೊಂದು ಬಾಕಿ ಇದೆ," ಅಂದ ತಕ್ಕಡಿಯವನು.

ಗೋಣಿ ಕಟ್ಟೆಯ ಮೇಲೆ ಧಪ್ಪೆಂದು ಬಿತ್ತು. ಕಟ್ಟೆಯ ಸಂದಿಯಿಂದ ಎರಡು ಓತಿಕ್ಯಾತ ಹೊರಗೆ ಓಡಿದವು. ತಕ್ಕಡಿಯವನು ಬಗ್ಗಿ ಬಿಚ್ಚಿ, ಓದಲು ಬಾಯಿ ತೆರೆದ. ತೆರೆದ ಬಾಯಿಯನ್ನು ಹಾಗೇ ಮುಚ್ಚಿದ. ಕಣ್ಣಿನಲ್ಲೇ ಓದಿದ:

ಮೂವತ್ತೊಂದನೆಯ ಮೆಟ್ಟಿಲ ಕೆಳಗೆ ಬಲಗಡೆ ನನ್ನ ಅಂಗೈಯಷ್ಟು ಬಿರುಕಿದೆ. ಬಿದಿರುಕೋಲಿಗೆ ಕಿವಿಯಿಟ್ಟು ಕೇಳಿದ್ದೇನೆ. ಎಣ್ಣೆಸುಣ್ಣ ಮೆತ್ತಿದ ತೆಂಗಿನ ನಾರು ತುರುಕಿ ಮುಚ್ಚುತ್ತೇನೆ. ಎರಡು ದಿನ ಬೇಕು. ಹಿಂದೊಮ್ಮೆ ನಮ್ಮ ಹಿತ್ತಿಲ ಬಾವಿಯದನ್ನು ಮುಚ್ಚಲು ಮೂರು ದಿನ ಹಿಡಿಯಿತು; ನಾರು ಸಾಲದೆ ಬಂತು.

"ಯಾಕೆ ಓದ್ತಿಲ್ಲ?" ಅಂದರು ಹಿರಿಯರು.

"ಮೊದಲು ತೂಗ್ತೀನಿ. ಓದಿ ಯಾಕೆ ಹಗುರ ಮಾಡ್ಲಿ?"

"ಇದು ಅಚ್ಚಿನ ಮಾತಲ್ಲ," ಅಂದ ಯಜಮಾನ. "ಗುಣಮಟ್ಟ ಅನ್ನೋ ಪದವೇ ಕಾಣ್ತಿಲ್ಲ. ಮೇಲಾಗಿ ತಪ್ಪು ಒಪ್ಕೊಂಡಿದಾಳೆ. ನಾರು ಸಾಲಲಿಲ್ಲವಂತೆ."

"ಈ ಸಲ ಜಾಸ್ತಿ ತರ್ತೀನಿ," ಅಂದಳು ಸೋರಿಕೆಯವಳು.

"ಕಂಬದ ಮೇಲೆ ಅಚ್ಚು ಅಂತ ಇದೆಯಾ ಯಜಮಾನರೆ?" ಅಂದ ತಕ್ಕಡಿಯವನು. "ಮೂರೇ ಪದ ಇರೋದು. ಓದಿ, ನಿಮ್ಮ ಬಟ್ಟೆಯಷ್ಟು ಹೊತ್ತು ಹಿಡಿಯಲ್ಲ."

ಮೂವರು ಸೇರಿ ಗೋಣಿಯನ್ನು ಎತ್ತಿ ತಟ್ಟೆಗಿಟ್ಟರು.

ಬಟ್ಟೆ ಬಿತ್ತು. ತಟ್ಟೆ ಇಳಿಯಿತು. ಇಳಿದದ್ದಲ್ಲ, ಬಿತ್ತು, ಕಟ್ಟೆಗೆ ಬಡಿದು ಊರಿನ ನಾಯಿಗಳೆಲ್ಲ ಒಟ್ಟಿಗೆ ಬೊಗಳುವಷ್ಟು ಸದ್ದಾಯಿತು. ಇನ್ನೊಂದು ತಟ್ಟೆ ಮೇಲಕ್ಕೆ ಚಿಮ್ಮಿತು. ಕೊಕ್ಕರೆಯ ಗರಿ ಆಕಾಶಕ್ಕೆ ಹೋಗಿ, ನಿಧಾನವಾಗಿ ತಿರುಗುತ್ತ ತಿರುಗುತ್ತ ಬಂದು, ಯಜಮಾನನ ಪೇಟದ ಮೇಲೆ ನೆಟ್ಟಗೆ ನಿಂತಿತು. ಅವನಿಗದು ಗೊತ್ತಾಗಲಿಲ್ಲ. ಯಾರೂ ಹೇಳಲೂ ಇಲ್ಲ. ಸಂಜೆಯವರೆಗೂ ಅದನ್ನು ಹೊತ್ತುಕೊಂಡೇ ತಿರುಗಾಡಿದ.

ಸೋರಿಕೆಯವಳು ಎರಡು ದಿನ ಮುಳುಗಿದಳು, ಎದ್ದಳು, ಮತ್ತೆ ಮುಳುಗಿದಳು. ಮೂರನೆಯ ದಿನ ಮಧ್ಯಾಹ್ನವಾಯಿತು ಮುಗಿಯುವಾಗ. ನಾರು ಈ ಸಲ ಹೆಚ್ಚಾಗಿತ್ತು, ಸುಣ್ಣ ಸಾಲದೆ ಬಂತು. ಆದರೆ ಬಿರುಕು ಮುಚ್ಚಿತು. ಬಿದಿರುಕೋಲಿಗೆ ಕಿವಿಯಿಟ್ಟರೆ ಗಂಜಿ ಹೀರುವ ಸದ್ದಿಲ್ಲ. ತಳದಲ್ಲಿ ನೀರು ಉಕ್ಕುವ ಊಟೆಯ ಗುಳುಗುಳು ಮಾತ್ರ. ನೀರು ಒಂದು ಮೆಟ್ಟಿಲು ಏರಿತು, ಇನ್ನೊಂದು ಮೆಟ್ಟಿಲು ಏರಿತು. ಹೆಂಗಸರು ಕೊಡ ಹಿಡಿದು ಬಂದವರು ಸುಮ್ಮನೆ ಮೆಟ್ಟಿಲ ಮೇಲೆ ಕೂತು ಪಾದ ಇಳಿಬಿಟ್ಟು ನೀರು ಏರಿ ಬರುವುದಕ್ಕೆ ಕಾದರು.

ಕಥೆ ಇಲ್ಲಿ ಮುಗಿಯಬಹುದಿತ್ತು. ಆದರೆ ಆ ಊರಿನವರನ್ನು ಬಲ್ಲವರು ಹಾಗೆ ಅಂದುಕೊಳ್ಳುವುದಿಲ್ಲ.

ಐದನೆಯ ದಿನ ಅಚ್ಚಿನಯ್ಯ ಹೊಸ ಅಚ್ಚು ಕೆತ್ತಿದ. ನಲವತ್ತು ವರ್ಷದಲ್ಲಿ ಮೊದಲ ಹೊಸ ಅಚ್ಚು. ಮನೆಯ ಮುಂದೆ ಸಾಲು ನಿಂತಿತು. ಗಾಣದವನ ಪರದೆಯ ಮೇಲೆ ಬಂತು: ಮೂವತ್ತೊಂದನೆಯ ಮೆಟ್ಟಿಲ ಕೆಳಗಿನ ಬಿರುಕು ಮುಚ್ಚುತ್ತೇವೆ. ಕ್ಷೌರದವನ ಪರದೆಯ ಮೇಲೆ ಬಂತು: ಮೂವತ್ತೊಂದನೆಯ ಮೆಟ್ಟಿಲ ಕೆಳಗಿನ ಬಿರುಕು ಮುಚ್ಚುತ್ತೇವೆ. ಚಟ್ಟ ಕಟ್ಟುವವನೂ ಅದನ್ನೇ ಹಾಕಿಸಿದ. ಮಂಡಳಿಯವರು ಅರವತ್ತು ಮೊಳದ ತುಂಬ ಮುನ್ನೂರು ಸಲ ಅದನ್ನೇ ಒತ್ತಿಸಿ, ಕೊನೆಯಲ್ಲಿ, ನಾರು ಸಾಲದೆ ಬಂತು ಎಂಬುದನ್ನೂ ಸೇರಿಸಿದರು. ತಪ್ಪೊಪ್ಪಿಗೆ ಈಗ ಓಡುವ ಸರಕು ಎಂದು ಯಜಮಾನನಿಗೆ ಯಾರೋ ಹೇಳಿದ್ದರು.

ಸೋರಿಕೆಯವಳು ಬೀದಿಯಲ್ಲಿ ನಡೆದು ಬಂದಳು. ಬಾಗಿಲು ಬಾಗಿಲಿನಲ್ಲೂ ಅವಳ ಮಾತು ಗಾಳಿಗೆ ಪಟಪಟನೆ ಹಾರುತ್ತಿತ್ತು. ಅವಳು ಅಚ್ಚಿನ ಮನೆಯ ಮೆಟ್ಟಿಲ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಯಾಕೆ ನಗ್ತಿ?" ಅಂದ ಅಚ್ಚಿನಯ್ಯ, ನೊಂದು. "ನಿನ್ನ ಮಾತೇ ಕಣಮ್ಮ. ಒಂದಕ್ಷರ ತಪ್ಪಿಲ್ಲ."

"ಆ ಬಿರುಕು ಮುಚ್ಚಾಯ್ತಲ್ಲ ಅಯ್ಯ."

ಅಚ್ಚಿನಯ್ಯ ಕೈಯಲ್ಲಿದ್ದ ಅಚ್ಚನ್ನು ನೋಡಿದ. ಅವಳನ್ನು ನೋಡಿದ. ಮತ್ತೆ ಅಚ್ಚನ್ನು ನೋಡಿದ. ಮುಖದ ಒಂದು ಮೂಲೆಯಿಂದ ಏನೋ ಸಡಿಲವಾಯಿತು. ನಲವತ್ತು ವರ್ಷ ಅಲುಗದೆ ಇದ್ದ ಮೀಸೆ ಅಲುಗಿತು. ಅವನೂ ಅವಳ ಪಕ್ಕದಲ್ಲಿ ಕೂತ. ಅವನು ನಗುವುದನ್ನು ಕೇಳಿ ಒಳಗೆ ಅರೆಯುವ ಸದ್ದು ನಿಂತಿತು. ಮಸಿಯಕ್ಕ ಬಂದು ನೋಡಿದಳು.

"ಅಕ್ಕ," ಅಂದಳು ಸೋರಿಕೆಯವಳು, "ಹೊಂಡದ ಊಟ ಹಾಕಿಸ್ತಾರಂತೆ ಬರೋ ಹುಣ್ಣಿಮೆಗೆ. ನೀರು ಉಳಿದಿದ್ದಕ್ಕೆ. ಅಡುಗೆಯವರು ಬೇಕಂತೆ."

"ನಾನು ಮೂರು ಸಲ ಸೋತವಳು."

"ಕಂಬದ ಮೇಲೆ ಹಂಗೇನೂ ಬರೆದಿಲ್ಲ."

"ನಾನೇನು ಬರೀಲಿ? ವಿಶ್ವದರ್ಜೆ ಅಂತ ಬರೆದಿದ್ದೆ, ಮೂರು ಸಲವೂ. ಆಗ ಅಚ್ಚು ಇಷ್ಟು ಸವೆದಿರಲಿಲ್ಲ."

"ಏನು ಅಡುಗೆ ಮಾಡ್ತಿದ್ದೆ?"

ಮಸಿಯಕ್ಕ ಕೈ ನೋಡಿಕೊಂಡಳು. "ಹುರುಳಿಕಾಳಿನ ಸಾರು," ಅಂದಳು. ಅವಳು ನಿಂತಿದ್ದ ಹೊಸ್ತಿಲು ಕಿರ್ರೆಂದಿತು. "ಇನ್ನೂರು ಜನಕ್ಕೆ ಸೌಟು ಕೆಳಗಿಡದೆ ಬಡಿಸಿದೀನಿ. ಯಾರ ಎಲೇಲೂ ಉಳಿದಿಲ್ಲ. ಒಂದು ಸಲ ಮಾತ್ರ ಉಪ್ಪು ಎರಡು ಬಾರಿ ಬಿತ್ತು. ನನ್ನ ಮದುವೇಲಿ. ಅಳ್ತಾ ಹಾಕ್ದೆ, ಮರೆತು ನಗ್ತಾ ಮತ್ತೆ ಹಾಕ್ದೆ."

ಹೊಸ್ತಿಲು ಮುರಿಯುವ ಮೊದಲು ಅಚ್ಚಿನಯ್ಯ ಅವಳನ್ನು ಈಚೆಗೆ ಎಳೆದುಕೊಂಡ.

ಮುಂದಿನ ಹುಣ್ಣಿಮೆಯ ಬೆಳಿಗ್ಗೆಯೇ, ಊಟವೂ ಅಂದೇ ಆದ್ದರಿಂದ, ತಕ್ಕಡಿ ಏರಿತು. ಹದಿನಾಲ್ಕು ಜನ ಅಡುಗೆಯವರು ಬಂದರು. ಹದಿನಾಲ್ಕು ಬಟ್ಟೆಯ ಮೇಲೂ ಮೂವತ್ತೊಂದನೆಯ ಮೆಟ್ಟಿಲಿತ್ತು. ಹದಿನಾಲ್ಕು ಸಲ ಬಟ್ಟೆ ಬಿತ್ತು, ಹದಿನಾಲ್ಕು ಸಲ ತಟ್ಟೆ ಮಿಸುಕಲಿಲ್ಲ. ಎದುರು ತಟ್ಟೆಯಲ್ಲಿ ಈಗ ಗರಿಯಿರಲಿಲ್ಲ. ತಕ್ಕಡಿಯವನು ಹಳೆಯ ಹೊಳೆಯ ಕಲ್ಲನ್ನು ತಂದಿಟ್ಟಿದ್ದ.

"ಎಲ್ಲಿತ್ತಯ್ಯ ಇದು?" ಅಂದರು ಹಿರಿಯರು.

"ನಮ್ಮನೇಲಿ. ನಮ್ಮಜ್ಜಿ ಕಾಲದಿಂದ ಹುಣಸೆಹಣ್ಣು ಕುಟ್ತಿದೀವಿ. ಮನೆಯಾಕೆ ಬೈತಿದಾಳೆ, ಊಟ ಆದ್ಮೇಲೆ ವಾಪಸ್ಸು ಕೊಡ್ಬೇಕಂತೆ."

ಕೊನೆಗೆ ಮಸಿಯಕ್ಕ ಬಂದಳು, ಗೋಣಿಯ ಒಂದು ತುದಿ ಅಚ್ಚಿನಯ್ಯನ ಹೆಗಲ ಮೇಲೆ, ಇನ್ನೊಂದು ಅವಳ ಹೆಗಲ ಮೇಲೆ. ಬಟ್ಟೆ ಬಿತ್ತು. ಕಲ್ಲು ಮೇಲೆದ್ದಿತು, ನಾಯಿಗಳು ಬೊಗಳಿದವು. ಓದುವ ಮೊದಲೇ ಗೋಣಿಗೆ ಹುರುಳಿಯ ವಾಸನೆಯಿತ್ತೆಂದು ಹತ್ತಿರ ನಿಂತಿದ್ದವರು ಹೇಳಿದರು. ಅವರು ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ.

ಆ ದಿನ ಊರು ಹೊಂಡದ ಸುತ್ತ ಕೂತು ಉಂಡಿತು. ಕಪ್ಪು ಕೈಯವಳು ಸೌಟು ಹಿಡಿದು ಸಾಲಿನಿಂದ ಸಾಲಿಗೆ ನಡೆದಳು. ಉಪ್ಪು ಸರಿಯಾಗಿತ್ತು. ಮಸಿಮನೆಯಲ್ಲಿದ್ದ ಒಂಬತ್ತು ಜನವೂ ಹೊರಗೆ ಬಂದು, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು, ಎಲೆಯ ಮುಂದೆ ಕೂತರು. ಮತ್ತೆ ಒಳಗೆ ಹೋಗಲು ಯಾರೂ ಹೇಳಲಿಲ್ಲ; ಅರೆಯಲು ಕೆಲಸವೂ ಇರಲಿಲ್ಲ. ಒಂದು ಕುಡಿಕೆ ಕರಿಬಣ್ಣ ಊರಿಗೆ ಸಾಕಾಗುತ್ತಿತ್ತು, ಏಕೆಂದರೆ ಹದಿನಾಲ್ಕು ಬಟ್ಟೆ ಸೋತದ್ದನ್ನು ಕಂಡ ಜನ ಈಗ ಅಚ್ಚು ಬಿಟ್ಟು ತಾವೇ ಬರೆಯುತ್ತಿದ್ದರು, ಅದೂ ಕಡಿಮೆ. ಊಟದ ಮೇಲೆ ಗಾಳಿ ಬಂತು. ಹಳೆಯ ಬಟ್ಟೆಗಳಿಗೆ ದಾರ ಕಟ್ಟಿ ಬಿಟ್ಟರು. ಅಂಥ ಗಾಳಿಪಟಗಳನ್ನು ಯಾವ ಊರೂ ಕಂಡಿರಲಿಲ್ಲ; ಬಿಟ್ಟ ಕೂಡಲೇ ಏರುತ್ತಿದ್ದವು, ಬಾಲ ಕೂಡ ಬೇಕಿರಲಿಲ್ಲ. ಅರವತ್ತು ಮೊಳದ್ದು ಎಲ್ಲಕ್ಕಿಂತ ಮೇಲೆ ಹೋಯಿತು. ಯಜಮಾನ ದಾರ ಹಿಡಿದುಕೊಂಡು, ಬಿಡಿ ಬಿಡಿ, ಇನ್ನೂ ಬಿಡಿ ಅನ್ನುತ್ತ ಕಟ್ಟೆಯ ಉದ್ದಕ್ಕೂ ಓಡಿದ. ತನ್ನ ಮಂಡಳಿಗೆ ನಿಜವಾಗಿ ಏನು ಬರುತ್ತದೆಂದು ಅವನಿಗೆ ಅಂದು ಗೊತ್ತಾಯಿತು. ಈಗ ಅವರು ಗಾಳಿಪಟ ಮಾಡುತ್ತಾರೆ. ಪರದೆಯ ಮೇಲೂ ಹಾಗೆಯೇ ಬರೆದುಕೊಂಡಿದ್ದಾರೆ.

ಮರುದಿನ ಬೆಳಿಗ್ಗೆ ಸೋರಿಕೆಯವಳು ಹೊಸ ಚಪ್ಪಲಿ ಮೆಟ್ಟಿ ಬೀದಿಗೆ ಬಂದಳು. ಎಡಗಾಲಿನದು ಸ್ವಲ್ಪ ಬಿಗಿ. ಚಪ್ಪಲಿಯಣ್ಣನ ಬಾಗಿಲಲ್ಲಿ ನಿಂತಳು. ಹೊಸ ಪರದೆ ಎಷ್ಟು ಭಾರವಿತ್ತೆಂದರೆ ಮೇಲಿನ ಕೋಲು ಬಿಲ್ಲಿನಂತೆ ಬಗ್ಗಿತ್ತು. ಬರೆದದ್ದು: ಚಪ್ಪಲಿ ಹೊಲಿಯುತ್ತೇನೆ. ಎಡಗಾಲು ಬಿಗಿಯಾದರೆ ವಾರ ತಡೆಯಿರಿ, ಸಡಿಲವಾಗುತ್ತದೆ. ಹಲ್ಲು ಕೀಳುವುದಿಲ್ಲ.

"ವಾರಾನಾ?" ಅಂದಳು.

"ಹತ್ತು ದಿನ ಅಂದ್ಕೊ," ಅಂದ ಒಳಗಿನಿಂದ.

ಅಷ್ಟರಲ್ಲಿ ಕೆನ್ನೆಗೆ ಕೈಯಿಟ್ಟುಕೊಂಡ ಒಬ್ಬ ಮನುಷ್ಯ ಬಂದ. ಅಭ್ಯಾಸದಂತೆ ಒಳಗೆ ನುಗ್ಗಲು ಹೋದವನು ಪರದೆಯನ್ನು ಓದಿದ. ಇನ್ನೊಮ್ಮೆ ಓದಿದ. ಜೀವನದಲ್ಲಿ ಮೊದಲ ಸಲ ಒಂದು ಪರದೆ ಅವನಿಗೆ ಬರಬೇಡ ಅಂದಿತ್ತು. ದಿಕ್ಕು ತೋಚದೆ ಅವಳ ಮುಖ ನೋಡಿದ. ಅವಳು ಎದುರು ಬಾಗಿಲಿನ ಕಡೆ ಬೆರಳು ತೋರಿಸಿದಳು. ಅಲ್ಲೊಬ್ಬ ಹಲ್ಲಿನ ವೈದ್ಯ ನಾಲ್ಕು ವರ್ಷದಿಂದ ಬೇಡವೆಂದರೂ ಬಂದವರ ಚಪ್ಪಲಿ ಹೊಲಿದುಕೊಂಡಿದ್ದ. ಅವನ ಹೊಸ ಪರದೆಯ ಮೇಲೆ ಎರಡೇ ಸಾಲಿತ್ತು.

ಹಲ್ಲು ಕೀಳುತ್ತೇನೆ. ನೋಯುತ್ತದೆ.

ಕೆನ್ನೆ ಹಿಡಿದವನು ಅದನ್ನು ಓದಿದ. ನೋಯುತ್ತದೆ ಎಂದು ಅವನಿಗೆ ಈವರೆಗೆ ಯಾರೂ ಹೇಳಿರಲಿಲ್ಲ. ಏನೋ ಒಂದು ಧೈರ್ಯ ಬಂತು. ಭಾರದ ಪರದೆಯನ್ನು ಎರಡೂ ಕೈಯಲ್ಲಿ ಎತ್ತಿ, ತಲೆ ತಗ್ಗಿಸಿ, ಒಳಗೆ ಹೋದ.